ಕತ್ತರಿಸಿದ ಜಾಗ ಕಾಣಲಿ

ಸಂಪಾದಕರಿಗೆ ನಮಸ್ಕಾರ.

ಜುಲೈ 1ರ ಪತ್ರಿಕಾ ದಿನಾಚರಣೆಗೆ ಇಲ್ಲಿ ಕಲಬುರಗಿಯಲ್ಲಿ ನನ್ನನ್ನೂ ಕರೆದಿದ್ದರು. ಹಳೇ ಕಂಪೋಜಿಟರ್, ಅಂದರೆ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತಿದ್ದವನು ಅಂತ ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಬುಟ್ಟಿಯಲ್ಲಿ ಮೇಲೆ ನಾಲ್ಕು ಸೇಬು, ಎರಡು ಮೋಸಂಬಿ. ಕೆಳಗೆಲ್ಲ ಬಣ್ಣದ ಕಾಗದದ ಚೂರು. ಇರಲಿ, ಪ್ರೀತಿಯಿಂದ ಕೊಟ್ಟದ್ದು.

ಆರು ಜನ ಮಾತಾಡಿದರು. ಆರೂ ಜನ "ನಾಲ್ಕನೇ ಅಂಗ" ಅಂದರು. 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರಬಂದದ್ದನ್ನು ಆರೂ ಜನ ಹೇಳಿದರು. ಅದು ಮೊಳೆ ಜೋಡಿಸಿ ಮಾಡಿದ ಪತ್ರಿಕೆ ಅಲ್ಲ, ಕಲ್ಲಚ್ಚಿನದು, ಆಮೇಲೆ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯಿತು ಅಂತ ನಾನು ಪಕ್ಕದವರಿಗೆ ಹೇಳಿದೆ. ಅವರು ಫೋನ್ ನೋಡುತ್ತಿದ್ದರು. ಈಗಿನ ಕಾಲದಲ್ಲಿ ಮುಚ್ಚಿಹೋದ, ಮುಚ್ಚಿಸಿದ ಪತ್ರಿಕೆಗಳ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಸನ್ಮಾನ ಮಾಡಿಸಿಕೊಂಡವರಿಗೆ ಮಾತಾಡಲು ಸಮಯ ಕೊಡುವ ಪದ್ಧತಿ ಇಲ್ಲವಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನನಗೀಗ 67 ದಾಟಿದೆ. 1975ರಲ್ಲಿ 17 ವರ್ಷ. ಆಗ ಇದು ಗುಲಬರ್ಗಾ. ಬ್ರಹ್ಮಪುರದ ಒಂದು ಓಣಿಯಲ್ಲಿದ್ದ ಪ್ರೆಸ್ಸಿಗೆ ಹೊಸದಾಗಿ ಸೇರಿದ್ದೆ. ಕಾಲಲ್ಲಿ ತುಳಿದು ಓಡಿಸುವ ಎರಡು ಟ್ರೆಡಲ್ ಅಚ್ಚುಯಂತ್ರ, ಮೊಳೆ ಇಡುವ ಖಾನೆಗಳ ಆರು ಕೇಸು, ಒಬ್ಬ ಫೋರ್‌ಮನ್ ಕಾಕಾ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆ ಹ್ಯಾಂಡ್‌ಬಿಲ್ ನಮ್ಮ ಅನ್ನ. ಜೊತೆಗೆ ವಾರಕ್ಕೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆ.

ಕನ್ನಡದ ಕೇಸು ದೊಡ್ಡದು. ಒತ್ತಿಗೆ ಬೇರೆ ಮನೆ, ಗುಣಿತಕ್ಕೆ ಬೇರೆ ಮನೆ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ ಹಿಡಿದು ಬಲಗೈಯಲ್ಲಿ ಒಂದೊಂದೇ ಮೊಳೆ ಎತ್ತಿ ಉಲ್ಟಾ ಜೋಡಿಸಬೇಕು. ಕಾಕಾ ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಏ ತಮ್ಮಾ, ಖಾಲಿ ಜಾಗಾ ಅಂದ್ರ ಖಾಲಿ ಅಲ್ಲ. ಅಲ್ಲಿ ಸೀಸಾ ತುಂಬಬೇಕು. ಇಲ್ಲಾಂದ್ರ ಫಾರಂ ಎತ್ತಿದ ಕೂಡ್ಲೆ ಎಲ್ಲಾ ಉದುರ್ತದ." ನಿಜ. ಫಾರಂ ಅಂದರೆ ಮೊಳೆ ಜೋಡಿಸಿ ಬಿಗಿದ ಪುಟ. ಕಾಗದದ ಮೇಲೆ ಬೆಳ್ಳಗೆ ಕಾಣುವ ಜಾಗದ ಹಿಂದೆ ಕ್ವಾಡು, ಲೆಡ್ಡು ಎಂಬ ಸೀಸದ ತುಂಡು, ಕಟ್ಟಿಗೆ ತುಂಡು ಒತ್ತೊತ್ತಾಗಿ ಕೂತಿರುತ್ತವೆ. ಮೊಳೆಗಿಂತ ಒಂಚೂರು ಗಿಡ್ಡ, ಅಷ್ಟೇ. ಅದಕ್ಕೇ ಮಸಿ ಹತ್ತುವುದಿಲ್ಲ. ತೂಕ ಮಾತ್ರ ಅಷ್ಟೇ ಇರುತ್ತದೆ.

ಆ ವರ್ಷ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದೆಹಲಿಯಲ್ಲಿ ಪತ್ರಿಕೆಗಳಿರುವ ಬೀದಿಗೆ ಕರೆಂಟೇ ತೆಗೆದರು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಓದಿದ್ದು. ನನಗೆ ಗೊತ್ತಾದದ್ದು ಇಷ್ಟೇ: ಇನ್ನು ಮೇಲೆ ಪುಟ ಕಟ್ಟಿದ ಮೇಲೆ ಪ್ರೂಫ್, ಅಂದರೆ ಕರಡು ಅಚ್ಚು ತೆಗೆದು, ಸೈಕಲ್ ಹೊಡೆದುಕೊಂಡು ಒಂದು ಕಚೇರಿಗೆ ಹೋಗಬೇಕು. ಸಾಹೇಬರು ನೋಡಿ ಸಹಿ ಮಾಡಿದ ಮೇಲೆ ಟ್ರೆಡಲ್ ಓಡಿಸಬೇಕು.

ಸಾಹೇಬರು ಕೆಟ್ಟವರೇನಲ್ಲ. ಒಮ್ಮೆ ನನಗೆ ಚಹಾ ಕೂಡ ತರಿಸಿದ್ದರು. ಅವರಿಗೂ ಆ ಕೆಲಸ ಹೊಸದು. ಒಂದು ವಾರ, ಸೊಸೈಟಿ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುತ್ತಿಲ್ಲ, ಹೆಂಗಸರು ಬೆಳಗಿನ ಜಾವದಿಂದ ಡಬ್ಬಿ ಇಟ್ಟುಕೊಂಡು ಕೂತಿರುತ್ತಾರೆ ಅಂತ ಎಂಟು ಸಾಲಿನ ಸುದ್ದಿ ಇತ್ತು. ಸಾಹೇಬರು ಕೆಂಪು ಪೆನ್ಸಿಲ್ ತೆಗೆದು ಮೂಲೆಯಿಂದ ಮೂಲೆಗೆ ಗೀಟು ಹಾಕಿದರು. ನಾನು ಹುಡುಗ, ಬಾಯಿ ತಡೆಯಲಿಲ್ಲ. "ಸರ, ಖರೇನ ಸಿಗವಲ್ದು. ನಮ್ಮವ್ವನೂ ನಿಂತಿದ್ಲು" ಅಂದೆ. ಅವರು ನನ್ನ ಮುಖ ನೋಡಲಿಲ್ಲ. "ಸಿಗವಲ್ದು ಅಂತ ಬರಿಬಾರ್ದು ತಮ್ಮಾ, ನಡಿ" ಅಂದರು.

ನಮ್ಮ ಸಂಪಾದಕರು ಆ ಎಂಟು ಸಾಲಿನ ಜಾಗ ಖಾಲಿ ಬಿಡೋಣ ಅಂದರು. ಮತ್ತೆ ಸೈಕಲ್ ಹೊಡೆದೆ. ಖಾಲಿಯೂ ಬಿಡಬಾರದು ಎಂಬ ಉತ್ತರ ಬಂತು. ದೊಡ್ಡ ಪತ್ರಿಕೆಗಳು ಖಾಲಿ ಬಿಡಲು ಶುರು ಮಾಡಿದ ಮೇಲೆ ಅದನ್ನೂ ನಿಷೇಧಿಸಿದ್ದರಂತೆ. ಆಗ ಕಾಕಾ ಒಂದು ಉಪಾಯ ಮಾಡಿದರು. ಆ ಕಾಲದ ಸರ್ಕಾರಿ ಘೋಷಣೆ ಒಂದಿತ್ತು, ವಯಸ್ಸಾದವರಿಗೆ ನೆನಪಿರಬೇಕು: "ಮಾತು ಕಡಿಮೆ, ಹೆಚ್ಚು ದುಡಿಮೆ." ಅದನ್ನೇ 24 ಪಾಯಿಂಟಿನ ದಪ್ಪ ಮೊಳೆಯಲ್ಲಿ ಜೋಡಿಸಿ, ಸುತ್ತ ಲಗ್ನಪತ್ರಿಕೆಯ ಹೂಬಳ್ಳಿ ಬಾರ್ಡರ್ ಕೊಟ್ಟು ಕೂರಿಸಿದರು. ಸಾಹೇಬರು ಬೇಡ ಅನ್ನುವ ಹಾಗಿಲ್ಲ! ಸರ್ಕಾರದ್ದೇ ಮಾತು.

ಮೂರನೇ ವಾರಕ್ಕೆ ಊರಿಗೆಲ್ಲ ಗೊತ್ತಾಯಿತು. ಪುಟದ ನಡುವೆ ಹೂಬಳ್ಳಿ ಕಂಡರೆ ಅಲ್ಲಿ ಏನೋ ಹೋಗಿದೆ ಅಂತ ಲೆಕ್ಕ. ಸ್ಟೇಷನ್ ರೋಡಿನ ಚಹಾದ ಹೋಟೆಲಿಗೆ ಬಂಡಲ್ ಕೊಡಲು ಹೋದರೆ ಗಲ್ಲಾದ ಮೇಲಿದ್ದವರು ಕೇಳೋರು: "ಈ ವಾರ ಏನ್ ಕೊಯ್ದಾರ?" ಒಂದು ವಾರ ಒಂದೇ ಪುಟದಲ್ಲಿ ಎರಡು ಹೂಬಳ್ಳಿ ಬಂದಿದ್ದವು. ಆ ವಾರ ಪೇಪರ್ ಜಾಸ್ತಿ ಹೋಯಿತು. ಹೊಸ ಸುದ್ದಿ ಏನೂ ಇರಲಿಲ್ಲ, ಹೂಬಳ್ಳಿ ನೋಡಲಿಕ್ಕೇ ಕೊಂಡರು.

ಇದನ್ನು ಕಥೆ ಹೇಳುವ ಚಟಕ್ಕೆ ಬರೆಯುತ್ತಿಲ್ಲ. ಆ ಕೆಂಪು ಗೀಟು ನನ್ನ ಕೈಯಲ್ಲಿತ್ತು. ಯಾರು ಹಾಕಿದರು, ಯಾವ ಸಾಲಿಗೆ ಹಾಕಿದರು, ಯಾವ ದಿನ ಹಾಕಿದರು, ಎಲ್ಲ ಗೊತ್ತಿತ್ತು. ಓದುವವರಿಗೂ ಅಂದಾಜು ಆಗುತ್ತಿತ್ತು. ಹಾಗೆ ಗೊತ್ತಿದ್ದದ್ದರಿಂದಲೇ ಕೆಲವರು ಕೋರ್ಟಿಗೆ ಹೋಗಲು ಆಯಿತು. ಮುಂಬೈಯಲ್ಲಿ ಮಿನೂ ಮಸಾನಿಯವರ "ಫ್ರೀಡಂ ಫಸ್ಟ್" ಎಂಬ ಸಣ್ಣ ಮಾಸಿಕದ ಬರಹಗಳಿಗೆ ಸೆನ್ಸಾರ್ ತಡೆ ಹಾಕಿದಾಗ ಅವರು ಹೈಕೋರ್ಟಿಗೆ ಹೋದರು. 1976ರಲ್ಲಿ, ತುರ್ತು ಪರಿಸ್ಥಿತಿ ನಡೆಯುತ್ತಿರುವಾಗಲೇ ಗೆದ್ದರು. ಎಲ್ಲ ಪತ್ರಿಕೆಗಳನ್ನೂ ಒಂದೇ ರಾಗ ಹಾಡಿಸುವುದು ಸೆನ್ಸಾರ್ ಕೆಲಸ ಅಲ್ಲ ಎಂಬರ್ಥದಲ್ಲಿ ಆ ನ್ಯಾಯಮೂರ್ತಿಗಳು ಬರೆದರು. ಅಂಥ ದಿನಗಳಲ್ಲಿ ಅದನ್ನು ಬರೆಯಲು ಎಷ್ಟು ಗುಂಡಿಗೆ ಬೇಕು!

ಈಗಿನದಕ್ಕೆ ಬರುತ್ತೇನೆ.

ನನ್ನ ಮೊಮ್ಮಗಳು ಪತ್ರಿಕೋದ್ಯಮ ಓದುತ್ತಿದ್ದಾಳೆ. 2025ರ ಫೆಬ್ರುವರಿಯಲ್ಲಿ ಒಂದು ಸಂಜೆ ಫೋನ್ ಹಿಡಿದು ನನ್ನ ಮುಂದೆ ಕೂತಳು.

"ಮುತ್ಯಾ, ನೋಡಿಲ್ಲಿ. ಇದು ತೆರೀವಲ್ದು."

"ನೆಟ್‌ವರ್ಕ್ ಇಲ್ಲೇನು?"

"ನೆಟ್‌ವರ್ಕ್ ಅದ. ಇದನ್ನ ಬಂದ್ ಮಾಡ್ಯಾರ."

"ಯಾರು?"

"ಅದನ್ನ ಬರೆದಿಲ್ಲ."

ಅವಳು ತೆರೆಯಲು ನೋಡುತ್ತಿದ್ದದ್ದು ತಮಿಳಿನ "ವಿಕಟನ್" ಜಾಲತಾಣ. ಅವಳಿಗೆ ತಮಿಳು ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ವ್ಯಂಗ್ಯಚಿತ್ರ. ಅಮೆರಿಕ ನಮ್ಮವರ ಕೈಕಾಲಿಗೆ ಸರಪಳಿ ಹಾಕಿ ವಿಮಾನದಲ್ಲಿ ಕಳಿಸಿದ್ದ ಸಮಯ ಅದು. ಪ್ರಧಾನಿಯವರು ಅಮೆರಿಕದ ಅಧ್ಯಕ್ಷರ ಪಕ್ಕ ಸರಪಳಿ ಹಾಕಿಸಿಕೊಂಡು ಕೂತ ಹಾಗೆ ಚಿತ್ರ ಬರೆದಿದ್ದರು. ಚಿತ್ರ ನೋಡಲು ಭಾಷೆ ಯಾಕೆ? ಅದು ಒಳ್ಳೆಯ ಚಿತ್ರವೋ ಕೆಟ್ಟ ಚಿತ್ರವೋ, ಅದು ಬೇರೆ ಮಾತು. ನೋಡಿ ಬೈಯುವವರು ಬೈಯಲಿ. ಆದರೆ ಒಂದು ಚಿತ್ರಕ್ಕಾಗಿ ಇಡೀ ಜಾಲತಾಣವೇ ಫೆಬ್ರುವರಿ 15ರಿಂದ ಜನರಿಗೆ ಸಿಗದ ಹಾಗೆ ಆಯಿತು. ನಮ್ಮ ಪ್ರೆಸ್ಸಿನ ಭಾಷೆಯಲ್ಲಿ ಹೇಳುವುದಾದರೆ, ಎಂಟು ಸಾಲಿಗೆ ಗೀಟು ಹಾಕುವ ಬದಲು ಪ್ರೆಸ್ಸಿಗೇ ಬೀಗ ಹಾಕಿದ ಹಾಗೆ. ಮಾರ್ಚ್ 6ರಂದು ಮದ್ರಾಸ್ ಹೈಕೋರ್ಟ್, ಸದ್ಯಕ್ಕೆ ಆ ಚಿತ್ರದ ಪುಟ ತೆಗೆಯಿರಿ, ಉಳಿದದ್ದನ್ನು ತೆರೆಯಿರಿ ಅಂದಿತು. ಅಲ್ಲಿಯವರೆಗೆ ಅದರಲ್ಲಿದ್ದ ಅಡುಗೆ ಅಂಕಣ, ಮಳೆ ಸುದ್ದಿ, ಕಥೆ ಎಲ್ಲವೂ ಬಂದ್.

ಈ ವಿಕಟನ್ನಿನವರಿಗೆ ಇದು ಮೊದಲ ಸಲ ಅಲ್ಲ. 1987ರಲ್ಲಿ ಮುಖಪುಟದಲ್ಲಿ ಶಾಸಕರು, ಮಂತ್ರಿಗಳನ್ನು ಗೇಲಿ ಮಾಡಿದ್ದಕ್ಕೆ ತಮಿಳುನಾಡು ವಿಧಾನಸಭೆ ಅದರ ಸಂಪಾದಕರಿಗೆ 3 ತಿಂಗಳು ಜೈಲು ಕೊಟ್ಟಿತ್ತು. ಗದ್ದಲ ಆಗಿ ಕೆಲವೇ ದಿನದಲ್ಲಿ ಬಿಟ್ಟರು. ನಾವೇನು ಕಡಿಮೆಯೇ? 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆಯೂ ಇಬ್ಬರು ಕನ್ನಡ ಟ್ಯಾಬ್ಲಾಯ್ಡ್ ಸಂಪಾದಕರಿಗೆ 1 ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ಹಾಕಿತು. ಶಾಸಕರ ಬಗ್ಗೆ ಬರೆದರು ಅಂತ ಶಾಸಕರೇ ದೂರು ಕೊಟ್ಟು, ಶಾಸಕರೇ ವಿಚಾರಣೆ ಮಾಡಿ, ಶಾಸಕರೇ ತೀರ್ಪು ಕೊಟ್ಟರು. ಪಕ್ಷ ಯಾವುದಾದರೂ ಇರಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. 1975ರಲ್ಲಿ ಗೀಟು ಹಾಕಿಸಿದವರು ಒಂದು ಪಕ್ಷ, ಈಗ ಬಂದ್ ಮಾಡಿಸುವವರು ಇನ್ನೊಂದು ಪಕ್ಷ. ಹಾಗಾಗಿ ದಯವಿಟ್ಟು ಯಾರೂ ನನ್ನ ಜೇಬಿನಲ್ಲಿ ಯಾವ ಪಕ್ಷದ ಚೀಟಿ ಇದೆ ಅಂತ ಹುಡುಕಬೇಡಿ.

ನಮ್ಮ ಓಣಿಯಲ್ಲಿ ಒಬ್ಬ ವಕೀಲರಿದ್ದಾರೆ. ಮೊಮ್ಮಗಳು ಮತ್ತು ನಾನು ಅವರ ಹತ್ತಿರ ಹೋಗಿ ಕೂತೆವು. ಅವರು ಹೇಳಿದ ಒಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ.

ಅಚ್ಚಾದ ಪತ್ರಿಕೆಯನ್ನೋ ಪುಸ್ತಕವನ್ನೋ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಬೇಕಾದರೆ ಅದಕ್ಕೆ ಒಂದು ದಾರಿ ಇದೆ. ಮೊದಲು ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಸಿಆರ್‌ಪಿಸಿಯ 95ನೇ ಸೆಕ್ಷನ್ ಇತ್ತು, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 98 ಆಗಿದೆ. ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಯಾಕೆ ಅಂತ ಕಾರಣವನ್ನು ಅದರಲ್ಲೇ ಬರೆಯಬೇಕು. ಒಪ್ಪದವರು 2 ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, 3 ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳಬೇಕು. ಅಂದರೆ ನಾನು ಮೊಳೆ ಜೋಡಿಸಿ ಅಚ್ಚು ಹಾಕಿದ ಪತ್ರಿಕೆಗೆ ಇಷ್ಟು ಮರ್ಯಾದೆ ಇದೆ.

ಅದೇ ಬರಹ ಫೋನಿನಲ್ಲಿ ಬಂದರೆ ಬೇರೆ ಕಾನೂನು. ಜಾಲತಾಣಗಳನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ಎ ಸೆಕ್ಷನ್. ಅದರ ಕೆಳಗೆ 2009ರಲ್ಲಿ ಮಾಡಿದ ನಿಯಮಗಳಿವೆ. ಅವುಗಳಲ್ಲಿ 16ನೆಯದು, ಬಂದ ದೂರು, ತೆಗೆದುಕೊಂಡ ಕ್ರಮ ಎಲ್ಲವನ್ನೂ ಗುಟ್ಟಾಗಿ ಇಡಬೇಕು ಅನ್ನುತ್ತದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ಅಂತರ್ಜಾಲದಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಕಿತ್ತು ಹಾಕಿತು. ಆದರೆ 69ಎಯನ್ನು ಉಳಿಸಿತು. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕಲ್ಲ, ಬೇಕಾದವರು ಅದನ್ನು ಪ್ರಶ್ನಿಸಬಹುದಲ್ಲ ಎಂಬುದು ಅದಕ್ಕೆ ಕೊಟ್ಟ ಒಂದು ಸಮಾಧಾನ. ಸರಿ. ಆದರೆ ಬರೆದ ಕಾರಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಾವು ಪ್ರಶ್ನಿಸಬೇಕಾದದ್ದು ಏನನ್ನು, ಬೀರುವನ್ನೇ?

2024ರ ಫೆಬ್ರುವರಿಯಲ್ಲಿ "ದಿ ಕಾರವಾನ್" ಎಂಬ ಇಂಗ್ಲಿಷ್ ಮಾಸಿಕಕ್ಕೆ ಹೀಗೇ ಆಯಿತು. ಜಮ್ಮುವಿನಲ್ಲಿ ಸೇನೆಯವರ ಮೇಲೆ ಬಂದ ಚಿತ್ರಹಿಂಸೆಯ ಆರೋಪದ ಬಗ್ಗೆ ಒಂದು ವರದಿ ಇತ್ತು. 24 ಗಂಟೆಯೊಳಗೆ ಜಾಲತಾಣದಿಂದ ತೆಗೆಯಿರಿ ಎಂದು ಆದೇಶ ಬಂತು. ಆದೇಶದಲ್ಲಿ ಏನಿದೆ ಅಂತ ಓದುಗರಿಗೆ ಹೇಳಲು ಆಗುವುದಿಲ್ಲ, ಅದು ಗೋಪ್ಯ ಅಂತ ಪತ್ರಿಕೆಯವರೇ ಹೇಳಬೇಕಾಯಿತು. ನೋಡಿ, ಗೀಟೂ ಗುಟ್ಟು, ಪೆನ್ಸಿಲ್ಲೂ ಗುಟ್ಟು. ಹೂಬಳ್ಳಿ ಹಾಕುವುದಕ್ಕೂ ಜಾಗವಿಲ್ಲ. ಮಲಯಾಳದ ಮೀಡಿಯಾ ಒನ್ ಟಿವಿಗೂ ಇದೇ ಆಗಿತ್ತು. ಯಾಕೆ ಲೈಸೆನ್ಸ್ ಕೊಡುವುದಿಲ್ಲ ಎಂಬುದನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟರು, ಚಾನೆಲ್‌ನವರಿಗೆ ತೋರಿಸಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ನಿಷೇಧ ತೆಗೆದುಹಾಕಿತು, ಲಕೋಟೆ ಪದ್ಧತಿಗೂ ಛೀಮಾರಿ ಹಾಕಿತು. ಅಷ್ಟಾದ ಮೇಲೂ ಲಕೋಟೆ ಹೋಗಿ ಬೀರು ಉಳಿದಿದೆ.

ಇನ್ನು ನಮ್ಮೂರಿನ ಮಾತು. ಇದಕ್ಕೆ ಲಕೋಟೆಯೂ ಬೇಡ.

ಮೊಳೆಯ ಕಾಲ ಮುಗಿದ ಮೇಲೆ ನಾನು ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಕಲಿತೆ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಇಬ್ಬರು ಹುಡುಗರ ಮಾಸಿಕ ಅಚ್ಚಾಗುತ್ತಿತ್ತು. 16 ಪುಟ, ಸಾವಿರ ಪ್ರತಿ. ಜೇವರ್ಗಿ ಕಡೆಯವರು. ತೊಗರಿ ಖರೀದಿ ಕೇಂದ್ರದಲ್ಲಿ ತೂಕ ಹೇಗೆ ನಡೆಯುತ್ತದೆ, ಯಾವ ಹಳ್ಳಿಯ ರಸ್ತೆಗೆ ಎರಡು ಸಲ ಬಿಲ್ ಆಗಿದೆ, ಇಂಥದ್ದೆಲ್ಲ ದಾಖಲೆ ಇಟ್ಟುಕೊಂಡು ಬರೆಯುತ್ತಿದ್ದರು. ಆರ್‌ಟಿಐ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದರು. ಒಬ್ಬನ ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಅದಲು ಬದಲು, ನಾನೇ ತಿದ್ದುತ್ತಿದ್ದೆ. ಸುದ್ದಿಯಲ್ಲಿ ಮಾತ್ರ ಒಂದು ತಪ್ಪು ಸಿಗುತ್ತಿರಲಿಲ್ಲ.

ಒಂದು ದಿನ ಪ್ರೆಸ್ ಮಾಲಕರಿಗೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದರು. ಆ ಕಡೆಯಿಂದ ಬೈಗುಳ ಇಲ್ಲ, ಬೆದರಿಕೆ ಇಲ್ಲ. "ಏನ್ರಿ, ಪ್ರೆಸ್ ಹ್ಯಾಂಗ್ ನಡ್ದದ? ಛಲೋ ನಡ್ದದ ಅಲ್ಲ? ಹಂಗೇ ಛಲೋ ನಡೀಲಿ" ಅಷ್ಟೇ. ಮಾಲಕರು "ಹ್ಞೂಂ ರೀ, ಹ್ಞೂಂ ರೀ" ಅಂದು ಫೋನ್ ಇಟ್ಟರು. ಬೆವರು ಒರೆಸಿಕೊಂಡರು. ಅವರ ಪ್ರೆಸ್ ಬದುಕಿದ್ದದ್ದು ಕಚೇರಿಗಳ ಫಾರ್ಮು, ರಿಜಿಸ್ಟರ್ ಅಚ್ಚು ಹಾಕಿ. ಸಾವಿರ ಪ್ರತಿಯ ಮಾಸಿಕದಿಂದ ಏನು ಬರುತ್ತದೆ? ಮುಂದಿನ ತಿಂಗಳು ಹುಡುಗರು ಬಂದಾಗ, "ಮಷೀನ್ ರಿಪೇರಿ ಅದ ತಮ್ಮಾ" ಅಂದರು. ಮಷೀನ್ ಹಿಂದೆ ಓಡುತ್ತಿದ್ದ ಸದ್ದು ಕೇಳುತ್ತಿತ್ತು. ಹುಡುಗರು ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ನಿಂತು, ಚೀಲ ತೆಗೆದುಕೊಂಡು ಹೋದರು. ನಾನೂ ಏನೂ ಹೇಳಲಿಲ್ಲ. ನನಗೂ ಸಂಬಳ ಬೇಕಿತ್ತು.

ಊರಲ್ಲಿ ಬೇರೆ ಯಾರೂ ಹಾಕಿಕೊಡಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಅಚ್ಚು ಹಾಕಿಸಿ ರೈಲಿನಲ್ಲಿ ತಂದರು. ಮೂರು ಸಂಚಿಕೆ ಹಾಗೆ ಬಂತು. ಆಮೇಲೆ ನಿಂತಿತು.

ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಯಾವ ಪ್ರೆಸ್ಸಿನಲ್ಲಿ ಅಚ್ಚಾಯಿತು. ಯಾರೂ ಅದನ್ನು ಓದುವುದಿಲ್ಲ. ನಾನು ಮಾತ್ರ ಅದನ್ನು ನನ್ನ ಜೀವಮಾನದಲ್ಲಿ ಸಾವಿರಾರು ಸಲ ಜೋಡಿಸಿದ್ದೇನೆ. 1867ರ ಕಾಯ್ದೆಯಿಂದ ಬಂದ ಸಾಲು ಅದು. ಆ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸದು ಬಂದಿದೆ. ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಘೋಷಣೆ ಕೊಡಬೇಕಿತ್ತು, ಮಾಲಕರ ಜೊತೆ ನಾನೂ ಬೆಂಚಿನ ಮೇಲೆ ಕಾದಿದ್ದೇನೆ. ಈಗ ಎಲ್ಲ ಆನ್‌ಲೈನ್. ಒಳ್ಳೆಯದೇ. ಆದರೆ ಆ ಸಾಲನ್ನು ತಪ್ಪದೆ ಓದುವವರು ಒಂದಿಬ್ಬರು ಇದ್ದೇ ಇರುತ್ತಾರೆ. ಬರೆದವನು ಬಗ್ಗುವುದಿಲ್ಲ ಅಂತ ಗೊತ್ತಾದರೆ ಅವರು ಸೀದಾ ಪ್ರೆಸ್ಸಿನ ಹೆಸರು ನೋಡಿ ಅಲ್ಲಿಗೆ ಫೋನ್ ಮಾಡುತ್ತಾರೆ.

2013ರಿಂದ ಹೈಕೋರ್ಟಿನ ಖಾಯಂ ಪೀಠ ನಮ್ಮೂರಲ್ಲೇ ಇದೆ. ಹುಡುಗರು ಆಟೋ ಹತ್ತಿದರೆ ಕೋರ್ಟಿನ ಬಾಗಿಲಿಗೆ ಇಳಿಯಬಹುದಿತ್ತು. ಆದರೆ "ಛಲೋ ನಡೀಲಿ" ಎಂಬ ಮಾತಿನ ವಿರುದ್ಧ ರಿಟ್ ಹಾಕಲು ಬರುತ್ತದೆಯೇ?

ಒಂದು ವಿಷಯ ಮುಚ್ಚಿಡಬಾರದು. ಸಣ್ಣ ಪತ್ರಿಕೆಯವರೆಲ್ಲ ಸಾಚಾ ಅಲ್ಲ. ವಸೂಲಿ ಪತ್ರಿಕೆಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಕೈಯಾರೆ ಜೋಡಿಸಿದ್ದೇನೆ. ಒಬ್ಬ ಗಿರಾಕಿ ಇದ್ದ. ಗುತ್ತಿಗೆದಾರನೊಬ್ಬನ ಬಗ್ಗೆ ಕಾಲು ಪುಟ ಬರೆದು ತರುವನು. "ಮೊದಲು ಪ್ರೂಫ್ ಕೊಡು" ಅನ್ನುವನು. ಹಸಿ ಪ್ರೂಫ್ ಒಣಗುವುದರೊಳಗೆ ಸ್ಕೂಟರ್ ಹತ್ತಿ ಹೋಗಿ, ಒಂದು ತಾಸಿಗೆ ತಿರುಗಿ ಬಂದು, "ಆ ಐಟಂ ತೆಗಿ, ಅಲ್ಲಿ ಹಬ್ಬದ ಶುಭಾಶಯ ಹಾಕು" ಅನ್ನುವನು. ಅವನಿಗೆ ಅಚ್ಚಾದ ಸುದ್ದಿಗಿಂತ ಅಚ್ಚಾಗದ ಸುದ್ದಿಯಲ್ಲೇ ದುಡ್ಡು ಜಾಸ್ತಿ. ಅಂಥವರಿಂದ ಪ್ರಾಮಾಣಿಕರಿಗೂ ಕೆಟ್ಟ ಹೆಸರು. ಅವರನ್ನು ಹಿಡಿಯಲು ಸುಲಿಗೆಯ ಕೇಸಿದೆ, ಮಾನನಷ್ಟದ ಕೇಸಿದೆ. ಹಿಡಿಯಲಿ, ಬೇಡ ಅಂದವರು ಯಾರು? ಆದರೆ ನೋಡಿ, ಆ ಗಿರಾಕಿಯ ಪತ್ರಿಕೆ ಇನ್ನೂ ಬರುತ್ತಿದೆ. ಜೇವರ್ಗಿ ಹುಡುಗರದು ನಿಂತಿದೆ.

ಜಾಹೀರಾತು ಎಂಬ ಇನ್ನೊಂದು ಹಗ್ಗ ಇದೆ. ನಿಮಗೆ ನಾನು ಹೇಳಬೇಕಾಗಿಲ್ಲ. 1980ರಲ್ಲಿ ಲಂಕೇಶರು ವಾರಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಅಂದರು. ನಮ್ಮ ಪ್ರೆಸ್ಸಿನಲ್ಲಿ ಎಲ್ಲರೂ ನಕ್ಕೆವು. ಕಾಕಾ, "ಮೂರು ತಿಂಗಳು" ಅಂತ ಬೆರಳು ತೋರಿಸಿದರು. ಮುಂದೆ ಆ ಪತ್ರಿಕೆಗೆ ಬಸ್ ಸ್ಟ್ಯಾಂಡಿನಲ್ಲಿ ಬಂಡಲ್ ಬಿಚ್ಚುವ ಮೊದಲೇ ಜನ ನಿಲ್ಲುತ್ತಿದ್ದರು. ಓದುವವರ ರೊಕ್ಕದಿಂದಲೇ ಅದು ಬದುಕಿತು. ಅವರ ಮಗಳು ಗೌರಿಯವರೂ ಅದೇ ದಾರಿಯಲ್ಲಿ ನಡೆಸಿದರು. 2017ರ ಸೆಪ್ಟೆಂಬರ್ 5ರಂದು ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಇದು ಗೊತ್ತಿಲ್ಲದ ವಿಷಯ ಅಲ್ಲ. ನಾವು ನಿಜಾಮನ ಹೈದರಾಬಾದ್ ರಾಜ್ಯದಲ್ಲಿದ್ದವರು; ನಮಗೆ 1947ರ ಆಗಸ್ಟ್ 15 ಬರಲಿಲ್ಲ, 1948ರ ಸೆಪ್ಟೆಂಬರ್ 17 ಬಂತು. ನಿಜಾಮನ ಕಾಲದಲ್ಲಿ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಇತ್ತು, ಸಭೆ ಮಾಡಬೇಕಾದರೆ ಮೊದಲೇ ಅಪ್ಪಣೆ ಬೇಕಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದ. ಹೈದರಾಬಾದಿನಲ್ಲಿ ಶೋಯೆಬುಲ್ಲಾ ಖಾನ್ ಎಂಬ ತರುಣ ಸಂಪಾದಕರಿದ್ದರು. ಅವರು ಕೆಲಸ ಮಾಡುತ್ತಿದ್ದ "ರಯ್ಯತ್" ಪತ್ರಿಕೆಯನ್ನು ನಿಜಾಮನ ಸರ್ಕಾರ ಮುಚ್ಚಿಸಿತು. ಅವರು "ಇಮ್ರೋಜ್" ಎಂಬ ಉರ್ದು ಪತ್ರಿಕೆ ತೆಗೆದರು. ಹೈದರಾಬಾದ್ ಭಾರತಕ್ಕೆ ಸೇರಬೇಕು, ನಿಜಾಮನ ಪರ ಇದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿ ನಿಲ್ಲಬೇಕು ಅಂತ ಬರೆದರು. 1948ರ ಆಗಸ್ಟಿನಲ್ಲಿ, ವಿಮೋಚನೆಗೆ ಒಂದು ತಿಂಗಳೂ ಇಲ್ಲದಿರುವಾಗ, ರಾತ್ರಿ ಮನೆಗೆ ಹೋಗುತ್ತಿದ್ದವರನ್ನು ಬೀದಿಯಲ್ಲಿ ಕೊಂದರು. ಬರೆಯುವ ಕೈಯನ್ನೇ ಕತ್ತರಿಸಿದರು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಇಲ್ಲಿ ಧ್ವಜ ಹಾರಿಸುತ್ತೇವೆ, ಭಾಷಣ ಕೇಳುತ್ತೇವೆ. ಆ ಭಾಷಣಗಳಲ್ಲಿ ಈ ಹೆಸರನ್ನು ನಾನು ಒಂದು ಸಲವೂ ಕೇಳಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸುಪ್ರೀಂ ಕೋರ್ಟಿನ ಬಾಗಿಲಿಗೆ ಮೊದಮೊದಲು ಹೋದವುಗಳಲ್ಲಿ ಒಂದು ವಾರಪತ್ರಿಕೆಯ ಕೇಸೂ ಇತ್ತು ಎಂಬುದು ವಕೀಲರಿಂದ ತಿಳಿಯಿತು. ರೊಮೇಶ್ ಥಾಪರ್ ಅವರ "ಕ್ರಾಸ್ ರೋಡ್ಸ್". ಮುಂಬೈಯಲ್ಲಿ ಅಚ್ಚಾಗುತ್ತಿತ್ತು. ಮದ್ರಾಸ್ ಸರ್ಕಾರ ಅದು ತನ್ನ ರಾಜ್ಯದೊಳಗೆ ಬರಬಾರದು ಅಂದಿತು. ಆಗ ನಮ್ಮ ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಅಲ್ಲಿಯವರಿಗೂ ಅದು ಸಿಗುವ ಹಾಗಿರಲಿಲ್ಲ. 1950ರ ಮೇ 26ರಂದು ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಚ್ಚು ಹಾಕಲು ಬಿಟ್ಟು ಹಂಚಲು ಬಿಡದಿದ್ದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ಇಲ್ಲ ಎಂಬುದು ಅದರ ಸಾರ. ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಇನ್ನಷ್ಟು ನಿರ್ಬಂಧಕ್ಕೆ ದಾರಿ ಮಾಡಿಕೊಂಡರು, ಅದು ಬೇರೆ ಕಥೆ. ಅದೇ ಥಾಪರ್ ಮುಂದೆ "ಸೆಮಿನಾರ್" ಎಂಬ ಮಾಸಿಕ ನಡೆಸುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ, ಮೊದಲೇ ತೋರಿಸಿ ಅಚ್ಚು ಹಾಕಿ ಅಂದಾಗ, ತೋರಿಸುವುದಿಲ್ಲ ಅಂತ ಪತ್ರಿಕೆಯನ್ನೇ ನಿಲ್ಲಿಸಿದರು. ನಾವು ಗುಲಬರ್ಗಾದಲ್ಲಿ ಹೂಬಳ್ಳಿ ಜೋಡಿಸುತ್ತಿದ್ದ ದಿನಗಳವು.

ನಾನು ಕೇಳುವುದು ದೊಡ್ಡದೇನಲ್ಲ. ದೇಶದ ಭದ್ರತೆ ಅಂತ ಇರುತ್ತದೆ, ಗಲಭೆ ಎಬ್ಬಿಸುವ ಸುಳ್ಳು ಸುದ್ದಿ ಅಂತ ಇರುತ್ತದೆ, ಕೆಲವನ್ನು ತಡೆಯಬೇಕಾಗಿ ಬರಬಹುದು. ತಡೆದರೆ ಆ ಪುಟ ತೆರೆದಾಗ ಅಲ್ಲಿ ಬರೆದಿರಲಿ: ಇದನ್ನು ಇಂಥ ಇಲಾಖೆ, ಇಂಥ ದಿನ, ಇಂಥ ಕಾರಣಕ್ಕೆ ತಡೆದಿದೆ. ಅಚ್ಚಾದ ಪತ್ರಿಕೆಗೆ ಕೊಡುವ ಮರ್ಯಾದೆ ಫೋನಿನ ಪತ್ರಿಕೆಗೂ ಸಿಗಲಿ. ಒಂದು ಪುಟದ ತಪ್ಪಿಗೆ ಒಂದು ಪುಟ ಹೋಗಲಿ, ಇಡೀ ಅಂಗಡಿ ಬೇಡ. ಪತ್ರಿಕೆಯವರಿಗೆ ಆದೇಶದ ಪ್ರತಿ ಕೊಡಿ, ಓದುಗರಿಗೆ ಹೇಳಬೇಡಿ ಅನ್ನಬೇಡಿ. ನಾನು ಮೊಮ್ಮಗಳನ್ನು "ಯಾರು?" ಅಂತ ಕೇಳಿದರೆ ಉತ್ತರ ಅದೇ ಪರದೆಯ ಮೇಲೆ ಸಿಗಬೇಕು. 1975ರ ಸಾಹೇಬರಾದರೂ ಸಹಿ ಹಾಕುತ್ತಿದ್ದರು!

ನಿಮಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ವಿಕಟನ್ ಬಂದ್ ಆದ ಸುದ್ದಿಯನ್ನು ನೀವು ಒಳಪುಟದಲ್ಲಿ ಹಾಕಿದ್ದಿರಿ. ನಾನು ಅಳತೆ ನೋಡಿದೆ, ಹಳೇ ಚಟ. ಸಿಂಗಲ್ ಕಾಲಂ, ಹನ್ನೊಂದು ಸಾಲು. ಅದರ ಮೇಲೆ ಚಿನ್ನದ ಅಂಗಡಿಯ ಅರ್ಧ ಪುಟ. ಸಣ್ಣವರ ಕತ್ತು ಹಿಸುಕುವಾಗ ದೊಡ್ಡವರು ಹನ್ನೊಂದು ಸಾಲು ಬರೆದು ಸುಮ್ನೆ ಕೂತರೆ ಹೇಗೆ?

ನನ್ನ ಹೆಸರು, ವಿಳಾಸ, ಫೋನ್ ನಂಬರನ್ನು ನಿಯಮದ ಪ್ರಕಾರ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಚ್ಚಿನಲ್ಲಿ ಹೆಸರು ಹಾಕಬೇಡಿ. ಎಲ್ಲವೂ ಬಹಿರಂಗ ಆಗಲಿ ಅನ್ನುವವನು ತನ್ನ ಹೆಸರು ಮುಚ್ಚಿಡುತ್ತಾನಲ್ಲ ಅಂತ ನೀವು ನಗಬಹುದು. ನನಗೂ ನಗು ಬಂತು. ಏನು ಮಾಡಲಿ, ಮಗ ಈಗ ಅದೇ ಕಸುಬಿನಲ್ಲಿದ್ದಾನೆ, ಅವನ ಪ್ರೆಸ್ಸು "ಛಲೋ ನಡೆದದ".

ಪತ್ರ ಉದ್ದ ಆಗಿದೆ ಅಂತ ಗೊತ್ತು. ನಿಮ್ಮ ಅಂಕಣದ ಅಳತೆಗೆ ಕತ್ತರಿಸಲೇಬೇಕಾಗುತ್ತದೆ, ಆ ಕೆಲಸ ನನಗೆ ಹೊಸದಲ್ಲ. ಧಾರಾಳವಾಗಿ ಕತ್ತರಿಸಿ. ಕತ್ತರಿಸಿದ ಕಡೆ ಮಾತ್ರ ಮೂರು ಚುಕ್ಕಿ ಇಡಿ. ಹೂಬಳ್ಳಿ ಸಿಕ್ಕರೆ ಇನ್ನೂ ಒಳ್ಳೆಯದು.

ನಿಮ್ಮ ಓದುಗ,
ಒಬ್ಬ ನಿವೃತ್ತ ಕಂಪೋಜಿಟರ್
ಬ್ರಹ್ಮಪುರ, ಕಲಬುರಗಿ